ಚಳಿಗಾಳಿಗೆ ಕಣ್ಣೀರು: ಒಣಗಿದ ಕಣ್ಣು ಯಾಕೆ ಸುರಿಯುತ್ತದೆ?

ನನ್ನ ಹಾಗೆ ಆಪ್ಟೋಮೆಟ್ರಿ, ಅಂದರೆ ಕಣ್ಣು ಪರೀಕ್ಷೆಯ ಕೋರ್ಸು ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಡಿಸೆಂಬರ್, ಜನವರಿಯಲ್ಲಿ ಹಾಸನದ ಯಾವುದೇ ಕಣ್ಣಿನ ಒಪಿಡಿಯಲ್ಲಿ ಕೂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಬೆಳಿಗ್ಗೆ ಬೈಕಲ್ಲಿ ಹೊರಟ್ರೆ ಸಾಕು, ಕಣ್ಣಲ್ಲಿ ಸುಮ್ನೆ ನೀರು." ಪರೀಕ್ಷೆ ಮಾಡಿ ಡಾಕ್ಟರು ಚೀಟಿಯಲ್ಲಿ ಬರೆಯುವುದು ಎಷ್ಟೋ ಸಲ "ಡ್ರೈ ಐ" ಅಂತ. ಸುರಿಯುವ ಕಣ್ಣು ಒಣಕಣ್ಣು ಹೇಗಾಯಿತು? ಪಾಠದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಇಡೀ ವಿಷಯ ನಿಂತಿರುವುದು ಅದೇ ಸಾಲಿನ ಮೇಲೆ.

ರಚನೆ, ಬೇಗ ಬೇಗ

ಕಣ್ಣೀರ ಪೊರೆಯಲ್ಲಿ ಮೇಲೆ ಎಣ್ಣೆ, ನಡುವೆ ನೀರು, ಕೆಳಗೆ ಲೋಳೆ. ಎಣ್ಣೆ ಬರುವುದು ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳಿಂದ, ನೀರು ಲ್ಯಾಕ್ರಿಮಲ್ ಗ್ರಂಥಿಯಿಂದ, ಲೋಳೆ ಗಾಬ್ಲೆಟ್ ಕೋಶಗಳಿಂದ. ಹರಿದು ಹೋಗುವ ದಾರಿ ಒಳಮೂಲೆಯ ಪಂಕ್ಟಮ್ ಎಂಬ ಸಣ್ಣ ತೂತು, ಕಿರುನಾಳ, ಕಣ್ಣೀರ ಚೀಲ, ಕೊನೆಗೆ ಮೂಗು. ಅತ್ತಾಗ ಮೂಗು ಸೋರುವುದು ಇದಕ್ಕೇ.

ಸಿಕ್ಕಿಕೊಳ್ಳುವ ಜಾಗ

ಕಣ್ಣೀರು ಒಂದೇ ಬಗೆಯದು ಅಂದುಕೊಂಡರೆ ಇದು ಅರ್ಥವಾಗುವುದಿಲ್ಲ. ದಿನವಿಡೀ ಸದ್ದಿಲ್ಲದೆ ಕಣ್ಣನ್ನು ಒದ್ದೆಯಾಗಿಡುವ ಕಣ್ಣೀರು ಒಂದು. ಏನೋ ಚುಚ್ಚಿದಾಗ, ಹೊಗೆ ತಾಗಿದಾಗ ಒಮ್ಮೆಲೇ ನುಗ್ಗುವ ಕಣ್ಣೀರು ಇನ್ನೊಂದು. ಒಣಕಣ್ಣಿನಲ್ಲಿ ಕೆಡುವುದು ಮೊದಲನೆಯದು. ಕೆನ್ನೆಗೆ ಇಳಿಯುವುದು ಎರಡನೆಯದು.

ನಿಧಾನವಾಗಿ ನೋಡೋಣ. ಗಾಳಿ ಕಣ್ಣಿಗೆ ಬಡಿಯುತ್ತದೆ. ಎಣ್ಣೆಯ ಪದರ ತೆಳುವಾಗಿದ್ದರೆ ಕೆಳಗಿನ ನೀರು ಬೇಗ ಆವಿಯಾಗುತ್ತದೆ. ಪೊರೆ ಅಲ್ಲಲ್ಲಿ ಒಡೆಯುತ್ತದೆ. ಫ್ಲೂರೆಸಿನ್ ಎಂಬ ಬಣ್ಣ ಕಣ್ಣಿಗೆ ಹಾಕಿ ನೋಡಿದಾಗ 10 ಸೆಕೆಂಡಿಗೆ ಮೊದಲೇ ಕಪ್ಪು ಚುಕ್ಕೆ ಕಾಣುತ್ತದಲ್ಲ, ಅದು ಈ ಒಡಕೇ. ಆವಿಯಾಗುವಾಗ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲ್ಮೈ ತಣ್ಣಗಾಗುತ್ತದೆ. ಅಲ್ಲಿ ತಂಪನ್ನು ಅರಿಯುವ ನರತುದಿಗಳಿವೆ. ಅವುಗಳಲ್ಲಿರುವ ಟಿಆರ್‌ಪಿಎಂ8 ಎಂಬ ಪ್ರೋಟೀನು ತಂಪಿಗೂ ಮೆಂಥಾಲಿಗೂ ಒಂದೇ ರೀತಿ ಎಚ್ಚರಗೊಳ್ಳುತ್ತದೆ. 2021ರಲ್ಲಿ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇದನ್ನು ಬೇರೆ ಬೇರೆಯಾಗಿ ಗುರುತಿಸಿದ್ದು ಮೆಂಥಾಲ್ ಬಳಸಿಯೇ. ತಲೆನೋವಿನ ಮುಲಾಮು ಕಣ್ಣಿನ ಹತ್ತಿರ ಹಚ್ಚಿದರೆ ನೀರು ಬರುವುದಕ್ಕೂ ಚಳಿಗಾಳಿಗೆ ನೀರು ಬರುವುದಕ್ಕೂ ನಂಟಿದೆ ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಈ ಸುದ್ದಿ ಐದನೇ ನರ, ಅಂದರೆ ಟ್ರೈಜೆಮಿನಲ್ ಮೂಲಕ ಮಿದುಳಿಗೆ ಹೋಗುತ್ತದೆ. ಉತ್ತರ ಏಳನೇ ನರವಾದ ಫೇಶಿಯಲ್ ಮೂಲಕ ಲ್ಯಾಕ್ರಿಮಲ್ ಗ್ರಂಥಿಗೆ ಬರುತ್ತದೆ. (ಹೋಗುವುದು ಐದು, ಬರುವುದು ಏಳು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವ ಪ್ರಶ್ನೆ ಇದು.) ಗ್ರಂಥಿ ಒಮ್ಮೆಲೇ ನೀರು ಬಿಡುತ್ತದೆ. ಎಣ್ಣೆ ಮಾತ್ರ ಅಷ್ಟು ಬೇಗ ಕೂಡಿ ಬರುವುದಿಲ್ಲ. ಆಷಾಢದ ಮಳೆಗೆ ಸೂರಿನ ದೋಣಿ ತುಂಬಿ ಹೊರಗೆ ಸುರಿಯುವ ಹಾಗೆ, ಪಂಕ್ಟಮ್ ಎಳೆದುಕೊಳ್ಳುವುದಕ್ಕಿಂತ ಜಾಸ್ತಿ ಬಂದ ನೀರು ಕೆನ್ನೆಗೆ ಇಳಿಯುತ್ತದೆ. ಎಣ್ಣೆಯ ಮುಚ್ಚಳ ಸರಿಯಿಲ್ಲದ್ದರಿಂದ ಉಳಿದ ನೀರೂ ಬೇಗ ಆರುತ್ತದೆ. ಮತ್ತೆ ಒಣಗು, ಮತ್ತೆ ನೀರು.

ಒಬ್ಬರು ಅಜ್ಜಿ ಡಾಕ್ಟರನ್ನು ಕೇಳಿದ್ದರು: "ನೀರು ಸುರೀತದೆ ಅಂತ ಬಂದ್ರೆ ಇನ್ನೂ ನೀರು ಹಾಕ್ಕೊಳ್ಳಿ ಅಂತೀರಲ್ಲ ಡಾಕ್ಟ್ರೇ?" ಒಳ್ಳೆಯ ಪ್ರಶ್ನೆ. ಲೂಬ್ರಿಕೆಂಟ್ ಹನಿ ಕೊಡುವುದು ಮೊದಲನೆಯ ಕಣ್ಣೀರಿನ ಕೊರತೆ ತುಂಬಲು. ಪೊರೆ ಒಡೆಯದಿದ್ದರೆ ನರಕ್ಕೆ ದೂರು ಹೋಗುವುದಿಲ್ಲ, ಎರಡನೆಯದು ನುಗ್ಗುವುದೂ ಇಲ್ಲ. ಹಾಗಾಗಿ ಹನಿ ಹಾಕಬೇಕಾದದ್ದು ಗಾಳಿಗೆ ಹೋಗುವ ಮೊದಲು. ನೀರು ಬಂದಮೇಲೆ ಹಾಕಿದರೆ ಅರ್ಧ ಕೆಲಸವಷ್ಟೇ.

ಮಂಜಿನಲ್ಲೂ ಒಣಗುತ್ತದಾ?

ಇಲ್ಲಿ ಮತ್ತೊಂದು ಗೊಂದಲ. ಮುಳ್ಳಯ್ಯನಗಿರಿಯ ಮೇಲೆ, 1,930 ಮೀಟರ್ ಎತ್ತರದಲ್ಲಿ ಮಂಜು ಕವಿದಿರುತ್ತದೆ. ಗಾಳಿಯೇ ಒದ್ದೆ, ಅಲ್ವಾ? ಮತ್ತೆ ಕಣ್ಣು ಒಣಗುವುದು ಹೇಗೆ?

ಲೆಕ್ಕ ಹಾಕಿದರೆ ಬಿಡಿಸಿಕೊಳ್ಳುತ್ತದೆ. 15 ಡಿಗ್ರಿಯ ಗಾಳಿ ಪೂರ್ತಿ ತೇವವಾಗಿದ್ದರೂ ಒಂದು ಘನ ಮೀಟರಿನಲ್ಲಿ ಹಿಡಿಯುವುದು ಸುಮಾರು 13 ಗ್ರಾಂ ಆವಿ. ಕಣ್ಣಿನ ಮೇಲ್ಮೈ ಸುಮಾರು 34 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಗಾಳಿ ಸುಮಾರು 37 ಗ್ರಾಂ ಹಿಡಿಯಬಲ್ಲದು. ಅಂದರೆ ನೂರಕ್ಕೆ ನೂರು ತೇವದ ಮಂಜುಗಾಳಿಯೂ ಕಣ್ಣಿನ ಪಾಲಿಗೆ ಮೂರರಲ್ಲಿ ಒಂದು ಪಾಲಷ್ಟೇ ತುಂಬಿದ ಗಾಳಿ. ಜೊತೆಗೆ ಬೈಕಿನ ವೇಗ, ಮೇಲೆ ತಂಪಿನ ನೇರ ಹೊಡೆತ.

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ರಾಗಿ ಒಕ್ಕಣೆಯ ಹೊತ್ತಿನಲ್ಲಿ ಬರುವ ಕಣ್ಣೀರಿಗೆ ದೂಳೂ ಸೇರುತ್ತದೆ. ಹಂಡೆ ಒಲೆಯ ಹೊಗೆಯದೂ ಅದೇ ಕಥೆ. ನವೆ ಮುಖ್ಯವಾಗಿದ್ದರೆ ಅಲರ್ಜಿಯ ಕಡೆ ಯೋಚಿಸಿ.

ನನಗೆ ಇಷ್ಟವಾದ ಎರಡು ಪ್ರಶ್ನೆ

"ಒಳಗೆ ಬಂದಮೇಲೆ ನಿಲ್ಲುತ್ತಾ?" "ಒಂದೇ ಕಣ್ಣಾ, ಎರಡೂನಾ?"

ಎರಡೂ ಕಣ್ಣು, ಗಾಳಿಯಲ್ಲಿ ಮಾತ್ರ ಅಂದರೆ ಹೆಚ್ಚಾಗಿ ಮೇಲೆ ಹೇಳಿದ ಕಥೆ. ಒಂದೇ ಕಣ್ಣು, ಮನೆಯೊಳಗೂ ನೀರು ಅಂದರೆ ದಾರಿ ಕಟ್ಟಿರಬಹುದು. ಆಗ ಮೂಗಿನ ಪಕ್ಕ ಚೀಲದ ಮೇಲೆ ಮೆಲ್ಲಗೆ ಒತ್ತಿದರೆ ಪಂಕ್ಟಮ್‌ನಿಂದ ಕೀವು ಅಥವಾ ಲೋಳೆ ಬರಬಹುದು. ಅಲ್ಲಿ ಊದಿ ಕೆಂಪಾಗಿ ನೋಯುತ್ತಿದ್ದರೆ ಒತ್ತಲು ಹೋಗದೆ ಡಾಕ್ಟರ ಹತ್ತಿರ ಕಳಿಸಿ. ವಯಸ್ಸಾದವರಲ್ಲಿ ಕೆಳರೆಪ್ಪೆ ಸಡಿಲವಾಗಿ ಹೊರಕ್ಕೆ ತಿರುಗಿದ್ದರೆ ಪಂಕ್ಟಮ್ ಕಣ್ಣಿಗೆ ತಾಗಿರುವುದಿಲ್ಲ. ಗಾಳಿ ನೆಪ ಮಾತ್ರ.

ಈ ಪ್ರಶ್ನೆಗಳಿಗೂ ಮೊದಲು ನೋಡಬೇಕಾದದ್ದು ಜೋರು ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಸುಕು. ಇದ್ದರೆ ಅವತ್ತೇ ಡಾಕ್ಟರು ನೋಡಬೇಕು.

ಏನು ಹೇಳಿ ಕಳಿಸುವುದು

ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ನಡೆಯುವವರಿಗೆ ಪಕ್ಕವೂ ಮುಚ್ಚುವ ಕನ್ನಡಕ ಒಳ್ಳೆಯದು. ಉಜ್ಜಬೇಡಿ, ಶುಭ್ರ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಫೋನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಬೇಕೆಂದೇ ಬಡಿಯಿರಿ.

ಎಣ್ಣೆ ಗಟ್ಟಿಯಾಗಿ ಗ್ರಂಥಿ ಕಟ್ಟಿದ್ದರೆ ಬಿಸಿ ಶಾಖ. ಸೆರಗು ಮಡಿಸಿ ಊದಿ ಕಣ್ಣಿಗಿಡುವ ಮನೆಮದ್ದು ಹಾಯೆನಿಸುತ್ತದೆ, ಆದರೆ ಎಣ್ಣೆ ಕರಗುವಷ್ಟು ಹೊತ್ತು ಬಿಸಿ ನಿಲ್ಲುವುದಿಲ್ಲ. ಸುಮಾರು 40 ಡಿಗ್ರಿಯ ಬಟ್ಟೆ 5ರಿಂದ 10 ನಿಮಿಷ ಬೇಕು, ನಡುವೆ ಮತ್ತೆ ಬಿಸಿ ಮಾಡಿಕೊಳ್ಳುತ್ತಾ. ಆಮೇಲೆ ಮೇಲ್ರೆಪ್ಪೆಯನ್ನು ಕೆಳಕ್ಕೆ, ಕೆಳರೆಪ್ಪೆಯನ್ನು ಮೇಲಕ್ಕೆ ಮೆಲ್ಲಗೆ ನೀವಬೇಕು. ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ ಕಣ್ಣೊಳಗೆ ಬೇಡವೇ ಬೇಡ, ಸೋಂಕಿನ ಭಯ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಹನಿ ಇನ್ನೂ ಅಪಾಯ. ಕಣ್ಣಿನ ಒತ್ತಡ ಏರಬಹುದು, ಕಣ್ಣಿನ ಪೊರೆಯೂ (ಕ್ಯಾಟರಾಕ್ಟ್; ಮೇಲೆ ಹೇಳಿದ ಕಣ್ಣೀರ ಪೊರೆಯಲ್ಲ) ಬರಬಹುದು. ನೆಗಡಿಗೆ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ, ಕೇಳಿ ತಿಳಿದುಕೊಳ್ಳಿ.

ಕೊನೆಗೆ ಹನಿ ಹಾಕುವ ರೀತಿ. ಕಣ್ಣಿನ ಮೇಲೆ ಸಾಮಾನ್ಯವಾಗಿ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಬಾಟಲಿಯ ಒಂದು ಹನಿಯೇ 30ರಿಂದ 50. ಹಾಗಾಗಿ ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ ಹೋಗುತ್ತದೆ. ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬೇರೆ ಔಷಧಿಯೂ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ ಹನಿ ಬರೆದುಕೊಡಲು ಡಾಕ್ಟರನ್ನು ಕೇಳಬೇಕು.