ರಿಬ್‌ಗಳಿಗೆ ತೂತು ಕೊರೆದರೆ ಬಾಲ್ಸಾ ರೆಕ್ಕೆ ಹಗುರ ಆಗುತ್ತಾ?

ಪ್ರಶ್ನೆ: ಮಾಡೆಲ್ ವಿಮಾನಕ್ಕೆ ಬಾಲ್ಸಾ ಅನ್ನುವ ಹಗುರ ಮರದಿಂದ 1.2 ಮೀಟರ್ ಉದ್ದದ ರೆಕ್ಕೆ ಮಾಡುತ್ತಿದ್ದೇನೆ. ಹಿಂದೆ ಮಾಡಿದ್ದು ಜಾಸ್ತಿ ಭಾರ ಬಂತು. ಈ ಸಲ ಎಲ್ಲ ರಿಬ್‌ಗಳಿಗೂ (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳು) ತೂತು ಕೊರೆದು ತೂಕ ಇಳಿಸೋಣ ಅಂದುಕೊಂಡಿದ್ದೇನೆ. ಇದು ಸರಿನಾ?

ಉತ್ತರ: ಕೊರೆಯಬಹುದು. ಆದರೆ ಸಿಗುವ ಲಾಭ ತೀರಾ ಕಡಿಮೆ. ಲೆಕ್ಕ ಹಾಕಿಯೇ ನೋಡೋಣ.

ರೆಕ್ಕೆಯ ಮುಂದಂಚಿನಿಂದ ಹಿಂದಂಚಿಗೆ 18 ಸೆಂ.ಮೀ. ಇದೆ ಅಂತ ಇಟ್ಟುಕೊಳ್ಳಿ. 7.5 ಸೆಂ.ಮೀ.ಗೆ ಒಂದರಂತೆ 17 ರಿಬ್ ಬೇಕು. 1.5 ಮಿ.ಮೀ. ದಪ್ಪದ ಹಗುರ ಶೀಟಿನಿಂದ ಕತ್ತರಿಸಿದರೆ ಒಂದೊಂದು ರಿಬ್ ಸುಮಾರು 0.4 ಗ್ರಾಂ ತೂಗುತ್ತದೆ. ಹದಿನೇಳೂ ಸೇರಿ ಆರೇಳು ಗ್ರಾಂ. ಅದರಲ್ಲಿ ಮೂರನೇ ಒಂದು ಭಾಗ ಕೊರೆದು ತೆಗೆದರೂ ಉಳಿತಾಯ ಎರಡು ಗ್ರಾಂ ಅಷ್ಟೇ. ಅಷ್ಟಕ್ಕೆ ಒಂದಿಡೀ ಸಂಜೆ ಬೇಕು. ಜೊತೆಗೆ ತೂತಿನ ಅಂಚು ತೆಳುವಾದ ಕಡೆ ರಿಬ್ ಸೀಳುವ ಭಯ ಬೇರೆ.

ಈಗ ರೆಕ್ಕೆಯ ಮುಂಭಾಗಕ್ಕೆ ಮೇಲೆ ಕೆಳಗೆ ಅಂಟಿಸುವ ಶೀಟನ್ನು ನೋಡಿ. ಎರಡೂ ಕಡೆ 6 ಸೆಂ.ಮೀ. ಅಗಲ, 1.5 ಮಿ.ಮೀ. ದಪ್ಪ. ಹಗುರ ಬಾಲ್ಸಾ ಆದರೆ ಇದರ ತೂಕ 22 ಗ್ರಾಂ. ಅದೇ ಅಳತೆಯನ್ನು ಗಟ್ಟಿ ಬಾಲ್ಸಾದಲ್ಲಿ ಮಾಡಿದರೆ 43 ಗ್ರಾಂ. ಒಂದೇ ತಪ್ಪು ಆಯ್ಕೆಗೆ 21 ಗ್ರಾಂ ಹೆಚ್ಚು! ಹಿಂದಿನ ರೆಕ್ಕೆ ಭಾರ ಆಗಿದ್ದು ಬಹುಶಃ ಇಂಥ ಕಡೆಯೇ.

ಬಾಲ್ಸಾದಲ್ಲಿ ಇಷ್ಟು ವ್ಯತ್ಯಾಸ ಬರುವುದು ಸಹಜ. ನಮಗೆ ಸಿಗುವ ಬಾಲ್ಸಾದ ಮುಖ್ಯ ಮೂಲ ದಕ್ಷಿಣ ಅಮೆರಿಕದ ಈಕ್ವೆಡಾರ್. ಅಲ್ಲಿ ಈ ಮರ ಬಹಳ ಬೇಗ ಬೆಳೆಯುತ್ತದೆ. ಬೆಳೆದ ವೇಗ, ಮಣ್ಣು, ಮರದ ವಯಸ್ಸು, ಹಲಗೆ ಕಾಂಡದ ಯಾವ ಭಾಗದಿಂದ ಬಂತು ಅನ್ನುವುದರ ಮೇಲೆ ತೂಕ ಬದಲಾಗುತ್ತದೆ. ಒಂದು ಘನ ಮೀಟರಿಗೆ 60 ಕಿಲೋ ತೂಗುವ ಬಾಲ್ಸಾ ಇದೆ, 200 ಕಿಲೋ ದಾಟುವುದೂ ಇದೆ. ಒಂದೇ ಕಟ್ಟಿನಲ್ಲಿ ಬಂದ ಎರಡು ಶೀಟುಗಳು ನೋಡಲು ಒಂದೇ ತರಹ ಇದ್ದು, ಒಂದು ಇನ್ನೊಂದರ ಎರಡರಷ್ಟು ತೂಗಬಹುದು.

ಆದ್ದರಿಂದ ಚಾಕು ಹಿಡಿಯುವ ಮೊದಲು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. 1 ಮೀಟರ್ ಉದ್ದ, 10 ಸೆಂ.ಮೀ. ಅಗಲ, 1.5 ಮಿ.ಮೀ. ದಪ್ಪದ ಶೀಟು 15 ಗ್ರಾಂ ಇದ್ದರೆ ಹಗುರ, 24 ಆದರೆ ಮಧ್ಯಮ, 30 ಆದರೆ ಗಟ್ಟಿ. ಪ್ರತಿ ಶೀಟಿನ ಮೂಲೆಯಲ್ಲಿ ತೂಕವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಆನ್‌ಲೈನ್‌ನಲ್ಲಿ ತರಿಸಿದರೆ ಆರಿಸುವ ಅವಕಾಶ ಇರುವುದಿಲ್ಲ. ಹಾಗಾಗಿ ಬೇಕಾದ್ದಕ್ಕಿಂತ ಎರಡು ಶೀಟು ಜಾಸ್ತಿ ತರಿಸಿ, ಮನೆಯಲ್ಲೇ ವಿಂಗಡಿಸಿ. ಕರಾವಳಿ, ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಶೀಟುಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕು. ಬಾಲ್ಸಾ ತೇವ ಹೀರುತ್ತದೆ. ಆಗ ತೂಕವೂ ಏರುತ್ತದೆ, ಶೀಟೂ ಸೊಟ್ಟಗಾಗುತ್ತದೆ.

ಹಾಗಂತ ಎಲ್ಲ ಕಡೆಗೂ ಹಗುರದ್ದನ್ನೇ ಹಾಕಬೇಡಿ. ರೆಕ್ಕೆಯ ಉದ್ದಕ್ಕೂ ಮೇಲೊಂದು ಕೆಳಗೊಂದು ಹೋಗುವ ಮುಖ್ಯ ಪಟ್ಟಿಗಳಿಗೆ ಸ್ಪಾರ್ ಅನ್ನುತ್ತಾರೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಆಗ ಮೇಲಿನ ಸ್ಪಾರ್ ಒತ್ತಡಕ್ಕೆ ಸಿಗುತ್ತದೆ, ಕೆಳಗಿನದು ಎಳೆತಕ್ಕೆ. ಮರ ಎಳೆತ ತಡೆಯುವಷ್ಟು ಒತ್ತಡ ತಡೆಯುವುದಿಲ್ಲ. ಹೀಗಾಗಿ ಸಾಮಾನ್ಯವಾಗಿ ಮೊದಲು ಸೋಲುವುದು ಮೇಲಿನ ಸ್ಪಾರ್. ನಿಮ್ಮ ಹತ್ತಿರ ಇರುವ ಅತಿ ಗಟ್ಟಿ ಪಟ್ಟಿಯನ್ನು ಅಲ್ಲಿಗೇ ಮೀಸಲಿಡಿ. ಸ್ಪ್ರೂಸ್ ಮರದ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು.

ಎರಡು ಸ್ಪಾರ್‌ಗಳ ನಡುವೆ ತೆಳು ಬಾಲ್ಸಾ ತುಂಡುಗಳನ್ನು ಗೋಡೆಯಂತೆ ಅಂಟಿಸಿ. ಇವಕ್ಕೆ ವೆಬ್ ಅನ್ನುತ್ತಾರೆ. ಮರದ ನಾರು ಮೇಲಿಂದ ಕೆಳಕ್ಕೆ ಇರಬೇಕು, ಇದು ಬಹಳ ಮುಖ್ಯ. ವೆಬ್ ಇಲ್ಲದಿದ್ದರೆ ಮೇಲಿನ ಸ್ಪಾರ್ ರಿಬ್‌ಗಳ ನಡುವೆ ಬಾಗಿ ಮುರಿಯುತ್ತದೆ. ಒಂದೆರಡು ಗ್ರಾಂ ತೂಕದ ವೆಬ್ ಕೊಡುವಷ್ಟು ಬಲವನ್ನು ರೆಕ್ಕೆಯ ಬೇರೆ ಯಾವ ಭಾಗವೂ ಅಷ್ಟು ಅಗ್ಗಕ್ಕೆ ಕೊಡುವುದಿಲ್ಲ. ಬಾಗಿಸುವ ಹೊರೆ ರೆಕ್ಕೆಯ ಬುಡದಲ್ಲಿ ಜಾಸ್ತಿ, ತುದಿಗೆ ಹೋದಂತೆ ಕಡಿಮೆ. ಅದಕ್ಕೇ ಬುಡದ ಕಡೆ ವೆಬ್ ಒಂದೂ ಬಿಡಬೇಡಿ. ತುದಿಯ ಕಡೆ ಬಿಡಬಹುದು, ಸ್ಪಾರನ್ನೂ ಅಲ್ಲಿ ಸಣ್ಣದಾಗಿಸಬಹುದು. ತೂಕ ಉಳಿಸಲು ನಿಜವಾಗಿಯೂ ಒಳ್ಳೆಯ ಜಾಗ ಇದು. ತುದಿ ಹಗುರ ಇದ್ದಷ್ಟೂ ವಿಮಾನ ಮಗ್ಗುಲಿಗೆ ಬೇಗ ಹೊರಳುತ್ತದೆ.

ಇನ್ನು ನಾರಿನ ವಿಷಯ. ಶೀಟನ್ನು ಅಗಲದ ದಿಕ್ಕಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗಿದರೆ ಅದು ಮುಂದಂಚಿನ ತಿರುವಿಗೆ ಸರಿ. ಬಾಗದೆ ಗಡುಸಾಗಿದ್ದು, ಮೇಲ್ಮೈಯಲ್ಲಿ ಮಿನುಗುವ ಚುಕ್ಕೆಗಳಿದ್ದರೆ ರಿಬ್‌ಗೆ ಅದೇ ಬೇಕು. ಅದು ಸೊಟ್ಟಗಾಗುವುದು ಕಡಿಮೆ. ಆದರೆ ಬೇಗ ಸೀಳುತ್ತದೆ, ಬ್ಲೇಡ್ ಹೊಸದಿರಲಿ.

ಅಂಟಿಗೆ ಫೆವಿಕಾಲ್‌ನಂಥ ಬಿಳಿ ಅಂಟು ಸಾಕು. ಅದರ ನೀರು ಆರಿ ಹೋಗುತ್ತದೆ, ಎಪಾಕ್ಸಿ ಹಚ್ಚಿದಷ್ಟೂ ಹಾಗೇ ಉಳಿಯುತ್ತದೆ. ಎರಡು ಅರ್ಧ ರೆಕ್ಕೆಗಳು ಸೇರುವ ನಡುಭಾಗಕ್ಕೆ ಮಾತ್ರ ಎಪಾಕ್ಸಿ ಬಳಸಿ.

ಹೊದಿಕೆಯ ತೂಕವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಸ್ತ್ರಿ ಬಿಸಿಗೆ ಬಿಗಿಯಾಗುವ ಸಾಮಾನ್ಯ ಫಿಲ್ಮ್ ಚದರ ಮೀಟರಿಗೆ 60 ಗ್ರಾಂ ಆಸುಪಾಸು ಇರುತ್ತದೆ. ನಿಮ್ಮ ರೆಕ್ಕೆಗೆ ಎರಡೂ ಕಡೆ ಸೇರಿ ಸುಮಾರು 26 ಗ್ರಾಂ ಆಯಿತು. ಎಲ್ಲ ರಿಬ್‌ಗಳ ನಾಲ್ಕರಷ್ಟು ಅಲ್ವಾ? ತೆಳು ಫಿಲ್ಮ್ ಸಿಕ್ಕರೆ ಕಾಸು ಅಲ್ಲಿ ಖರ್ಚು ಮಾಡಿ. ಟಿಶ್ಯೂ ಕಾಗದ ಹಾಕಿ ಡೋಪ್ (ಕಾಗದವನ್ನು ಬಿಗಿ ಮಾಡುವ ವಾರ್ನಿಶ್‌ನಂಥ ದ್ರವ) ಬಳಿಯುವ ಹಳೆಯ ಪದ್ಧತಿ ಇನ್ನೂ ಹಗುರ. ರೆಕ್ಕೆ ತಿರುಚಿಕೊಳ್ಳುವುದನ್ನೂ ಅದು ಫಿಲ್ಮ್‌ಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ತಾಳ್ಮೆ ಬೇಕು, ಬೇಗ ಹರಿಯುತ್ತದೆ ಕೂಡ.

ಮರದ ಆಯ್ಕೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ ನೋಡಿ. ಒಳಾಂಗಣದಲ್ಲಿ ಹಾರಿಸುವ, ರಬ್ಬರ್ ಬಲದಿಂದ ಓಡುವ ಎಫ್1ಡಿ ಎಂಬ ವರ್ಗದ ಸ್ಪರ್ಧೆಯ ವಿಮಾನಗಳಲ್ಲಿ ರೆಕ್ಕೆ 55 ಸೆಂ.ಮೀ.ವರೆಗೆ ಇರಬಹುದು. ರಬ್ಬರ್ ಬಿಟ್ಟು ಇಡೀ ವಿಮಾನದ ಕನಿಷ್ಠ ತೂಕ ಬರೀ 1.4 ಗ್ರಾಂ. ಅಲ್ಲಿನ ರಿಬ್‌ಗಳು ಬಾಗಿಸಿದ ಸಣ್ಣ ಕಡ್ಡಿಗಳು, ಕೊರೆಯಲು ಜಾಗವೇ ಇಲ್ಲ. ಅವರ ಶ್ರಮದ ದೊಡ್ಡ ಪಾಲು ಮರ ಆರಿಸುವುದಕ್ಕೇ ಹೋಗುತ್ತದೆ.

ತೂತು ಬೇಕಾಗುವ ಸಂದರ್ಭವೂ ಉಂಟು. ಸರ್ವೋ (ರೆಕ್ಕೆಯ ಚಲಿಸುವ ಭಾಗವನ್ನು ತಿರುಗಿಸುವ ಸಣ್ಣ ಮೋಟರ್) ವೈರ್ ದಾಟಿಸಬೇಕಾದಾಗ ಕೊರೆಯಲೇಬೇಕು. ಪ್ಲೈವುಡ್ ರಿಬ್ ಇದ್ದರೆ, ಅಥವಾ ರೆಕ್ಕೆ ಎರಡು ಮೀಟರ್ ದಾಟಿದರೆ, ಉಳಿತಾಯವೂ ಕಣ್ಣಿಗೆ ಕಾಣುವಷ್ಟು ಇರುತ್ತದೆ. ನಿಮ್ಮ 1.2 ಮೀಟರ್ ರೆಕ್ಕೆಯಲ್ಲಿ ರಿಬ್‌ಗಳನ್ನು ಹಾಗೇ ಬಿಡಿ. ಶೀಟುಗಳನ್ನು ತೂಗಿ, ಒಂದೇ ತೂಕದವನ್ನು ಜೋಡಿ ಮಾಡಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ.