ಆಸ್ಪತ್ರಿ ತೆಗೆದೇ ಇತ್ತು, ಹೋಗಾಕ ಬಸ್ ಇರಲಿಲ್ಲ

2020ರ ಮಾರ್ಚ್ 25ಕ್ಕ ಲಾಕ್‌ಡೌನ್ ಶುರು ಆದಾಗ ಆಸ್ಪತ್ರಿ, ಮೆಡಿಕಲ್ ಶಾಪ್, ಆಂಬುಲೆನ್ಸ್ ಎಲ್ಲಕ್ಕೂ ಆರ್ಡರ್‌ನಾಗ ವಿನಾಯಿತಿ ಇತ್ತು. ಆದ್ರ ಬಸ್ ಬಂದ್, ಪ್ಯಾಸೆಂಜರ್ ಟ್ರೇನ್ ಬಂದ್, ಟಂಟಂ ಬಂದ್. ದೇವದುರ್ಗದ ಕಡೆ ಹಳ್ಳಿಯವ್ರು ರಾಯಚೂರಿನ ಸರ್ಕಾರಿ ದೊಡ್ಡಾಸ್ಪತ್ರಿ ರಿಮ್ಸ್‌ಗೆ ಬರಬೇಕಂದ್ರ 50 ಕಿಲೋಮೀಟರ್ ಮ್ಯಾಲೆ ಆಗ್ತೈತಿ, ವಾರಕ್ಕ ಎರಡು ಮೂರು ಸಲ ಡಯಾಲಿಸಿಸ್ ಬೇಕಾದ ಕೂಲಿ ಮನಿಯವ್ರು ಪ್ರತಿ ಸಲ ಬಾಡಿಗಿ ಗಾಡಿ ಎಲ್ಲಿಂದ ಮಾಡ್ತಾರ? 108 ಆಂಬುಲೆನ್ಸ್ ಐತಿ ಖರೆ, ಆದ್ರ ಅದು ಎಮರ್ಜೆನ್ಸಿಗೆ, ಬಿಪಿ ಗುಳಿಗಿ ತರಾಕ ಬರಂಗಿಲ್ಲ.

ಉಳಿದ ರೋಗಿಗಳನ್ನ ಮರೆಯೋ ಈ ಚಾಳಿಯ ಬೇರು ಹಳೇದು. 1896ರಾಗ ಬಾಂಬೆಗೆ ಪ್ಲೇಗ್ ಬಂತು, ಮರುವರ್ಷ ಬ್ರಿಟಿಷರು ಅವಸರದಾಗ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದ್ರು. ಬರೇ ನಾಲ್ಕು ಸೆಕ್ಷನ್. ಪ್ರಯಾಣಿಕರ ತಪಾಸಣೆ, ರೋಗ ಇರಬಹುದು ಅಂದವ್ರನ್ನ ಬ್ಯಾರೆ ಇಡೋದು, ಆದೇಶ ಮೀರಿದ್ರ ಶಿಕ್ಷೆ, ಮುಖ್ಯವಾಗಿ ಇಷ್ಟೇ. ಬ್ಯಾರೆ ಜಡ್ಡಿನವ್ರು, ಬಸುರಿ ಬಾಣಂತಿಯರು ಆ ಟೈಮಿಗೆ ಎಲ್ಲಿ ಹೋಗಬೇಕು ಅನ್ನೋ ಮಾತೇ ಅದ್ರಾಗಿಲ್ಲ. 123 ವರ್ಷ ಆದಮ್ಯಾಲೂ ಕೊರೊನಾಕ್ಕ ಅದನ್ನೇ ಹೊರಗ ತೆಗೆದ್ರು, ಜೊತಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ.

ಇದು ಯಾರಿಗೂ ಗೊತ್ತಿರಲಿಲ್ಲ ಅನ್ನಂಗಿಲ್ಲ. 2014ರಾಗ ಪಶ್ಚಿಮ ಆಫ್ರಿಕಾದಾಗ ಎಬೋಲಾ ಬಂದಾಗ ಆ ರೋಗಕ್ಕ 11 ಸಾವಿರಕ್ಕಿಂತ ಜಾಸ್ತಿ ಮಂದಿ ಸತ್ರು, ಚಿಕಿತ್ಸೆ ಸಿಗದೆ ಮಲೇರಿಯಾ, ಟಿಬಿ, ಎಚ್‌ಐವಿಯಿಂದ ಹೆಚ್ಚಿಗಿ ಸತ್ತೋರೂ ಹತ್ತತ್ರ ಅಷ್ಟೇ ಅಂತ ಆಮ್ಯಾಲೆ ಅಂದಾಜು ಬಂತು. ನಮ್ಮಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೆರಿಗೆ, ಲಸಿಕೆ, ಟಿಬಿ, ಡಯಾಲಿಸಿಸ್ ನಿಲ್ಲಬಾರದು ಅಂತ ಮಾರ್ಗಸೂಚಿ ಕೊಟ್ಟಿದ್ದು ಏಪ್ರಿಲ್ 14ಕ್ಕ, ಲಾಕ್‌ಡೌನ್ ಶುರು ಆಗಿ ಮೂರು ವಾರ ಆಗಿತ್ತು. ಟೆಸ್ಟ್ ಆಗಿಲ್ಲ ಅಂತ ಹೆರಿಗೆ ತಡ ಮಾಡಬಾರದು ಅಂತ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ತನ್ನ ಕೊರೊನಾ ಟೆಸ್ಟಿಂಗ್ ನಿಯಮದಾಗ ಬರೆದಿದ್ದು ಮೇ 18ಕ್ಕ. ಹೆರಿಗಿ ನೋವು ಮಾರ್ಗಸೂಚಿ ಬರೋತನ ಕಾಯ್ತದೇನು?

ನಮ್ಮ ಭಾಗಕ್ಕ ಪೆಟ್ಟು ಜಾಸ್ತಿ ಯಾಕಂದ್ರ ಇಲ್ಲಿ ಎಲ್ಲಾ ದೊಡ್ಡ ಚಿಕಿತ್ಸೆಗೂ ಒಂದೊಂದೇ ಬಾಗ್ಲಾ, ಬಳ್ಳಾರಿಯಾಗ ಆಗಿನ ವಿಮ್ಸ್, ರಾಯಚೂರು ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರಿ. ಅಲ್ಲಿನ ಬೆಡ್ಡು, ಡಾಕ್ಟರು, ನರ್ಸು ಕೋವಿಡ್ ಕಡೆ ತಿರುಗಿದ್ರ ಉಳಿದವ್ರಿಗೆ ಪ್ರೈವೇಟ್ ಒಂದೇ ದಾರಿ, ಅದೂ ದುಡ್ಡಿದ್ರ. ಹಳ್ಳಿಯಾಗ ಬಸುರಿಯರ ತಪಾಸಣೆ ಬರೆಯೋ ತಾಯಿ ಕಾರ್ಡ್ ಹಿಡ್ಕೊಂಡು ಅಡ್ಡಾಡೋ ಆಶಾ ಅಕ್ಕಗೋಳನ್ನ ಕೊರೊನಾ ಮನಿಮನಿ ಸರ್ವೇಕ್ಕ ಹಚ್ಚಿದ್ರು. ಗುಳೆ ಹೋಗಿದ್ದ ಮಂದಿ ಬೆಂಗಳೂರಿಂದ ವಾಪಸ್ ಬಂದ್ರ ಕ್ವಾರಂಟೈನ್, ಅವ್ರ ಕೂಸಿನ ಲಸಿಕೆ ಯಾವ ಊರಿನ ರಿಜಿಸ್ಟರ್‌ನಾಗ ಬರೀಬೇಕು ಅನ್ನೋದೂ ಗೋಜಲು.

ಟಿಬಿ ಲೆಕ್ಕ ನೋಡ್ರಿ. 2019ರಾಗ ದೇಶದಾಗ ಸುಮಾರು 24 ಲಕ್ಷ ಕೇಸ್ ದಾಖಲಾಗಿದ್ವು, 2020ರಾಗ 18 ಲಕ್ಷ. ರೋಗ ಕಡಿಮಿ ಆಗಿಲ್ಲ, ಕಫ ಟೆಸ್ಟಿಗೆ ಬರೋರು ಕಡಿಮಿ ಆದ್ರು.

2021ರ ಎರಡನೇ ಅಲೆಯಾಗ ತೋರಣಗಲ್ಲಿನಾಗ ಜಿಂದಾಲ್ ಫ್ಯಾಕ್ಟರಿ ಪಕ್ಕದಾಗ 1000 ಹಾಸಿಗೆ ಲೆಕ್ಕ ಹಾಕಿ ಕೋವಿಡ್‌ಗೇ ಅಂತ ತಾತ್ಕಾಲಿಕ ಆಸ್ಪತ್ರಿ ಎದ್ದಿತು, ಆಕ್ಸಿಜನ್ನೂ ಅಲ್ಲೇ ಸಿಗ್ತಿತ್ತು. ನನ್ನ ಪ್ರಕಾರ ಮೊದಲ ದಿನದಿಂದ ಮಾಡಬೇಕಿದ್ದ ಕೆಲಸ ಇದು, ಅದ್ರ ಜೊತಿಗೆ ತಾಲೂಕಿಗೊಂದು ಬಸ್, ಡಯಾಲಿಸಿಸ್‌ನವ್ರಿಗೆ ಮತ್ತ ದಿನ ತುಂಬಿದ ಬಸುರಿಯರಿಗೆ ಅಂತಾನೇ, ಅದೇ ಲಾಕ್‌ಡೌನ್ ಆರ್ಡರ್‌ನಾಗ ಬರೆದು.