ಅದೇ ಮನುಷ್ಯ, ಅದೇ ಗಿಡ, ಬೇರೆ ವಾದ: ಗಾಂಜಾ ಮತ್ತು ಖಾಸಗಿತನದ ಬಗ್ಗೆ ಅಧ್ಯಯನ ಟಿಪ್ಪಣಿ

ಮೂಲಭೂತ ಹಕ್ಕುಗಳ ಪಾಠ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಾಂಜಾ ಕಾನೂನುಬದ್ಧ ಆಗಬೇಕಾ ಬೇಡವಾ ಅಂತ ನಮ್ಮ ಓದಿನ ಗುಂಪಿನಲ್ಲಿ ಮಾತು ಶುರುವಾದರೆ ಸಾಕು, ಅದು ಗಿಡದ ಗುಣದೋಷಕ್ಕೆ ಹೋಗಿ ನಿಲ್ಲುತ್ತದೆ. ಒಬ್ಬರು ಔಷಧಿ ಅನ್ನುತ್ತಾರೆ. ಇನ್ನೊಬ್ಬರು ಹುಡುಗರು ಹಾಳಾಗುತ್ತಾರೆ ಅನ್ನುತ್ತಾರೆ. ಎರಡು ಗಂಟೆ ಕಳೆದರೂ ಸಂವಿಧಾನದ ಸುದ್ದಿಯೇ ಬರುವುದಿಲ್ಲ. ನನಗೆ ಈ ವಿಷಯ ಸರಿಯಾಗಿ ತಲೆಗೆ ಹತ್ತಿದ್ದು ದಕ್ಷಿಣ ಆಫ್ರಿಕಾದ ಒಂದು ಮೊಕದ್ದಮೆ ಓದಿದ ಮೇಲೆ. ಅದನ್ನೇ ಹಿಡಿದು ಹೋಗೋಣ.

ಮೊದಲು ಒಂದು ವ್ಯತ್ಯಾಸ ಗಟ್ಟಿ ಮಾಡಿಕೊಳ್ಳಿ. ಶಿಕ್ಷೆ ತೆಗೆದುಹಾಕುವುದು ಒಂದು. ವ್ಯಾಪಾರಕ್ಕೆ ಲೈಸೆನ್ಸ್ ಕೊಟ್ಟು, ತೆರಿಗೆ ಹಾಕಿ, ಅಂಗಡಿ ತೆರೆಸುವುದು ಇನ್ನೊಂದು. 2018ರ ಅಕ್ಟೋಬರ್ 17ರಂದು ಕೆನಡಾ ಮಾಡಿದ್ದು ಎರಡನೆಯದನ್ನು. ಅಲ್ಲಿ ಸಂಸತ್ತು ಕಾಯ್ದೆ ಮಾಡಿತು, ವಯಸ್ಕರು ಹೊರಗೆ 30 ಗ್ರಾಂವರೆಗೆ ಒಣ ಗಾಂಜಾ ಇಟ್ಟುಕೊಂಡು ಓಡಾಡಬಹುದು ಎಂದಿತು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 18ರಂದು, ದಕ್ಷಿಣ ಆಫ್ರಿಕಾದಲ್ಲಿ ಆಗಿದ್ದು ಮೊದಲನೆಯದು. ಅಲ್ಲಿ ಮಾತಾಡಿದ್ದು ಸಂಸತ್ತಲ್ಲ, ಸಂವಿಧಾನ ನ್ಯಾಯಾಲಯ. ಅದು ಅಂಗಡಿ ತೆರೆಸಲಿಲ್ಲ. ದೊಡ್ಡವರು ತಮ್ಮ ಪಾಡಿಗೆ ಖಾಸಗಿಯಾಗಿ ಬಳಸಿದರೆ, ಇಟ್ಟುಕೊಂಡರೆ, ಬೆಳೆದರೆ ಅದು ಅಪರಾಧವಲ್ಲ ಎಂದು ಮಾತ್ರ ಹೇಳಿತು. ಪತ್ರಿಕೆಗಳ ತಲೆಬರಹದಲ್ಲಿ ಎರಡಕ್ಕೂ ‘ಕಾನೂನುಬದ್ಧ’ ಎಂಬ ಒಂದೇ ಪದ ಬರುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ.

ಧರ್ಮದ ಹೆಸರಲ್ಲಿ ಕೇಳಿದಾಗ

ದಕ್ಷಿಣ ಆಫ್ರಿಕಾದ ಆ ಮೊಕದ್ದಮೆಯ ಹಿಂದಿದ್ದ ಗರೆತ್ ಪ್ರಿನ್ಸ್ ಕಾನೂನು ಪದವಿ ಮುಗಿಸಿದವರು. ರಾಸ್ತಫಾರಿ ಧರ್ಮದವರು. ಆ ಧರ್ಮದಲ್ಲಿ ಗಾಂಜಾ ಪೂಜೆಯ ಒಂದು ಭಾಗ. ಅವರಿಗೆ ಗಾಂಜಾ ಇಟ್ಟುಕೊಂಡಿದ್ದಕ್ಕೆ ಎರಡು ಸಲ ಶಿಕ್ಷೆಯಾಗಿತ್ತು. ವಕೀಲರಾಗಲು ಬೇಕಾದ ತರಬೇತಿ ಅವಧಿಯನ್ನು ನೋಂದಾಯಿಸಿ ಎಂದು ಕೇಪ್ ಪ್ರಾಂತ್ಯದ ವಕೀಲರ ಸಂಘಕ್ಕೆ ಅರ್ಜಿ ಹಾಕಿದಾಗ ಇದನ್ನು ಮುಚ್ಚಿಡಲಿಲ್ಲ. ಮುಂದೆಯೂ ಬಳಸುತ್ತೇನೆ ಎಂದೂ ಹೇಳಿದರು. ಸಂಘ ನೋಂದಣಿ ಮಾಡಿಕೊಳ್ಳಲಿಲ್ಲ.

ಅವರು ಕೋರ್ಟಿಗೆ ಹೋದರು. ಕೇಳಿದ್ದು ಇಷ್ಟೇ: ಎಲ್ಲರಿಗೂ ಬೇಡ, ರಾಸ್ತಫಾರಿಗಳಿಗೆ ಪೂಜೆಗಾಗಿ ವಿನಾಯಿತಿ ಕೊಡಿ. 2002ರ ಜನವರಿಯಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಐದು ನ್ಯಾಯಮೂರ್ತಿಗಳು ಆಗದು ಎಂದರು, ನಾಲ್ವರು ಆಗುತ್ತದೆ ಎಂದರು. ಒಂದೇ ಒಂದು ಮತದಲ್ಲಿ ಪ್ರಿನ್ಸ್ ಸೋತರು.

ಬಹುಮತದ ತರ್ಕವನ್ನು ನ್ಯಾಯವಾಗಿ ನೋಡಬೇಕು. ಅವರು ಧರ್ಮವನ್ನು ಹಗುರ ಮಾಡಿ ಮಾತಾಡಲಿಲ್ಲ. ಧಾರ್ಮಿಕ ಹಕ್ಕಿಗೆ ಪೆಟ್ಟು ಬೀಳುತ್ತದೆ ಅಂತ ಒಪ್ಪಿಕೊಂಡರು. ಅವರ ತೊಡಕು ರಸ್ತೆಯಲ್ಲಿ ನಿಂತ ಪೊಲೀಸಿನದು. ಒಬ್ಬನ ಜೇಬಿನಲ್ಲಿ ಒಂದು ಮುಷ್ಟಿ ಗಾಂಜಾ ಸಿಕ್ಕಿತು ಅಂದುಕೊಳ್ಳಿ. ಅದು ಪೂಜೆಗೋ, ಸುಮ್ನೆ ಸೇದುವುದಕ್ಕೋ ಅಂತ ಹೇಗೆ ಗೊತ್ತಾಗಬೇಕು? ಕೆಲವರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಕಾನೂನು ಜಾರಿ ಮಾಡಲು ಆಗುವುದಿಲ್ಲ ಎಂಬುದು ಅವರ ವಾದ. ಅಲ್ಪಮತದ ಕಡೆಯಿಂದ ನ್ಯಾಯಮೂರ್ತಿ ಎನ್ಕೋಬೊ ಬರೆದದ್ದನ್ನು ತಪ್ಪದೆ ಓದಿ. ನಿಷೇಧದ ಬಲೆ ಅಗತ್ಯಕ್ಕಿಂತ ಅಗಲವಾಗಿದೆ, ಯಾರಿಗೂ ತೊಂದರೆ ಕೊಡದ ಬಳಕೆಯೂ ಅದರಲ್ಲಿ ಸಿಕ್ಕಿಬೀಳುತ್ತದೆ ಎನ್ನುವುದು ಅದರ ತಿರುಳು.

ಪ್ರಿನ್ಸ್ ಅಲ್ಲಿಗೆ ನಿಲ್ಲಲಿಲ್ಲ. ಆಫ್ರಿಕಾದ ಮಾನವ ಹಕ್ಕುಗಳ ಆಯೋಗಕ್ಕೆ ಹೋದರು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋದರು. ಎರಡು ಕಡೆಯೂ ಸೋಲು.

ಮನೆ ಬಾಗಿಲಿನ ಹೆಸರಲ್ಲಿ ಕೇಳಿದಾಗ

ಮುಂದಿನ ಸುತ್ತಿನಲ್ಲಿ ವಾದವೇ ಬದಲಾಯಿತು. ಈ ಸಲ ಪ್ರಿನ್ಸ್ ಜೊತೆ ಬೇರೆಯವರ ಅರ್ಜಿಗಳೂ ಸೇರಿಕೊಂಡಿದ್ದವು. ಕೋರ್ಟಿನ ಮುಂದೆ ಗೆದ್ದ ವಾದ ಖಾಸಗಿತನದ್ದು. ನಾನು ಯಾವ ಧರ್ಮದವನು, ಯಾಕೆ ಸೇದುತ್ತೇನೆ ಎನ್ನುವುದು ನಿಮಗೆ ಬೇಡ. ನನ್ನ ಮನೆಯೊಳಗೆ ನಾನೊಬ್ಬನೇ ಮಾಡುವ ಕೆಲಸಕ್ಕೆ ನನ್ನನ್ನು ಜೈಲಿಗೆ ಹಾಕಲು ಸರ್ಕಾರಕ್ಕೆ ಏನು ಕಾರಣ ಇದೆ, ಹೇಳಿ. ಇಷ್ಟೇ.

ಎಷ್ಟು ವ್ಯತ್ಯಾಸ ನೋಡಿ. ವಿನಾಯಿತಿ ಕೇಳುವಾಗ ನಾನು ಯಾಕೆ ಬೇರೆ ಅಂತ ನಾನು ತೋರಿಸಬೇಕು. ಹಕ್ಕು ಕೇಳುವಾಗ ನನ್ನನ್ನು ಯಾಕೆ ತಡೆಯುತ್ತೀರಿ ಅಂತ ಸರ್ಕಾರ ತೋರಿಸಬೇಕು. ರಸ್ತೆಯ ಪೊಲೀಸಿನ ಹಳೇ ತೊಡಕೂ ಅರ್ಧ ಕರಗಿತು, ಯಾಕೆಂದರೆ ಈಗ ಪೂಜೆಯೋ ಮೋಜೋ ಅಂತ ಯಾರೂ ವಿಂಗಡಿಸಬೇಕಾಗಿಲ್ಲ.

2017ರ ಮಾರ್ಚಿನಲ್ಲಿ ವೆಸ್ಟರ್ನ್ ಕೇಪ್ ಹೈಕೋರ್ಟ್ ಇದನ್ನು ಒಪ್ಪಿತು. 2018ರಲ್ಲಿ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಎತ್ತಿಹಿಡಿಯಿತು. ತೀರ್ಪು ಬರೆದವರು ಆಗ ಉಪ ಮುಖ್ಯ ನ್ಯಾಯಮೂರ್ತಿಯಾಗಿದ್ದ ರೇಮಂಡ್ ಝೊಂಡೊ. ಅವರು ನಡೆದ ದಾರಿ ಎರಡು ಹೆಜ್ಜೆಯದು. ಸಂವಿಧಾನದ 14ನೇ ವಿಧಿಯಲ್ಲಿ ಖಾಸಗಿತನದ ಹಕ್ಕಿದೆ. ಈ ನಿಷೇಧ ಅದಕ್ಕೆ ಕೈ ಹಾಕುತ್ತದೆಯಾ? ಹೌದು. ಹಾಗಾದರೆ 36ನೇ ವಿಧಿ ಹೇಳುವಂತೆ, ಮುಕ್ತ ಮತ್ತು ಪ್ರಜಾಸತ್ತಾತ್ಮಕ ಸಮಾಜದಲ್ಲಿ ಅದು ಸಮಂಜಸ, ಸಮರ್ಥನೀಯ ಮಿತಿ ಅಂತ ಸರ್ಕಾರ ತೋರಿಸಿದೆಯಾ? ಇಲ್ಲ. ಗಾಂಜಾ ಒಳ್ಳೆಯದು ಅಂತ ಕೋರ್ಟ್ ಎಲ್ಲೂ ಹೇಳಲಿಲ್ಲ. ಹಾಗೆ ಹೇಳುವ ಅಗತ್ಯವೂ ಅದಕ್ಕೆ ಬೀಳಲಿಲ್ಲ.

ಇಲ್ಲಿ ಎರಡು ಸಣ್ಣ ವಿಷಯ ಗಮನಿಸಿ, ಇವೇ ಪ್ರಶ್ನೆಯಾಗಿ ಬರುವಂಥವು. ಹೈಕೋರ್ಟ್ ಈ ರಕ್ಷಣೆಯನ್ನು ವಾಸದ ಮನೆಗೆ ಸೀಮಿತ ಮಾಡಿತ್ತು. ಸಂವಿಧಾನ ನ್ಯಾಯಾಲಯ ಅದನ್ನು ‘ಖಾಸಗಿಯಾಗಿ’ ಎಂಬ ಪದಕ್ಕೆ ಹಿಗ್ಗಿಸಿತು, ಅಂದರೆ ಮನೆಯ ಗೋಡೆಯೇ ಗಡಿ ಆಗಬೇಕಿಲ್ಲ. ಇನ್ನೊಂದು ಕಡೆ, ಹೈಕೋರ್ಟ್ ಕೊಳ್ಳುವುದನ್ನೂ ಒಳಗೆ ಸೇರಿಸಿತ್ತು. ಅದನ್ನು ಮೇಲಿನ ಕೋರ್ಟ್ ಒಪ್ಪಲಿಲ್ಲ. ಕೊಳ್ಳಲು ಬಿಟ್ಟರೆ ಮಾರುವವನನ್ನೂ ಬಿಟ್ಟಂತೆ ಆಗುತ್ತದೆ ಎಂದಿತು. ಎಷ್ಟು ಗ್ರಾಂ ಅಂತಲೂ ಹೇಳಲಿಲ್ಲ, ಅದನ್ನು ಸಂಸತ್ತಿಗೆ ಬಿಟ್ಟಿತು. 24 ತಿಂಗಳ ಗಡುವು ಕೊಟ್ಟಿತು. ಸಂಸತ್ತು ಗಡುವು ಮೀರಿತು. ಖಾಸಗಿ ಬಳಕೆಯ ಕಾಯ್ದೆಗೆ ಅಧ್ಯಕ್ಷ ರಾಮಫೋಸಾ ಸಹಿ ಹಾಕಿದ್ದು 2024ರ ಮೇ 28ರಂದು, ಚುನಾವಣೆಯ ಹಿಂದಿನ ದಿನ.

ಅಲ್ಲಿ ಖಾಸಗಿತನಕ್ಕೆ ಯಾಕೆ ಅಷ್ಟು ತೂಕ

ಈ ಭಾಗ ಪಠ್ಯದಲ್ಲಿ ಇರುವುದಿಲ್ಲ, ಆದರೆ ಇದಿಲ್ಲದೆ ತೀರ್ಪು ಒಣ ಒಣ ಅನ್ನಿಸುತ್ತದೆ. ಜೊಹಾನ್ಸ್‌ಬರ್ಗಿನಲ್ಲಿ ಸಂವಿಧಾನ ನ್ಯಾಯಾಲಯ ಇರುವುದು ಹಳೇ ಜೈಲಿನ ಜಾಗದಲ್ಲಿ. ಗಾಂಧಿಯೂ ಮಂಡೇಲಾ ಅವರೂ ಆ ಆವರಣದಲ್ಲಿ ಬಂದಿಗಳಾಗಿದ್ದವರು. ವಿಚಾರಣಾಧೀನ ಕೈದಿಗಳನ್ನು ಇಡುತ್ತಿದ್ದ ಕಟ್ಟಡ ಕೆಡವಿ, ಅದರ ಇಟ್ಟಿಗೆಗಳನ್ನೇ ನ್ಯಾಯಾಲಯ ಕಟ್ಟಲು ಬಳಸಿದ್ದಾರೆ. ವರ್ಣಭೇದದ ಕಾಲದಲ್ಲಿ ಪೊಲೀಸರು ಪಾಸ್ (ಕರಿಯರು ಇಟ್ಟುಕೊಳ್ಳಲೇಬೇಕಿದ್ದ ಗುರುತಿನ ಪತ್ರ) ತೋರಿಸು ಅಂತ ಹೊತ್ತಲ್ಲದ ಹೊತ್ತಿನಲ್ಲಿ ಕರಿಯರ ಮನೆಗಳಿಗೆ ನುಗ್ಗುತ್ತಿದ್ದರು. ಅಂಥ ದೇಶದಲ್ಲಿ ‘ನನ್ನ ಬಾಗಿಲು’ ಅನ್ನುವ ಮಾತಿಗೆ ಬೇರೆಯದೇ ಭಾರ ಇರುತ್ತದೆ.

ಗಾಂಜಾ ಕಾನೂನಿನ ಬೇರೂ ಅದೇ ಮಣ್ಣಿನಲ್ಲಿದೆ. ಕಬ್ಬಿನ ತೋಟಗಳಲ್ಲಿ ದುಡಿಯಲು 1860ರಿಂದ ನಮ್ಮ ದೇಶದ ಜನರನ್ನು ಒಪ್ಪಂದದ ಮೇಲೆ ನಟಾಲ್‌ಗೆ (ಈಗಿನ ದಕ್ಷಿಣ ಆಫ್ರಿಕಾದಲ್ಲಿದ್ದ ಬ್ರಿಟಿಷ್ ವಸಾಹತು) ಸಾಗಿಸುತ್ತಿದ್ದರು. 1870ರಲ್ಲಿ ಆ ವಸಾಹತು ಒಂದು ಕಾನೂನು ಮಾಡಿತು: ‘ಕೂಲಿ’ಗಳು ಗಾಂಜಾ ಸೇದಬಾರದು, ಇಟ್ಟುಕೊಳ್ಳಬಾರದು, ಅವರಿಗೆ ಯಾರೂ ಮಾರಬಾರದು, ಕೊಡಬಾರದು. ಇದು ಎಲ್ಲರಿಗೂ ಮಾಡಿದ ಕಾನೂನಲ್ಲ, ಭಾರತದಿಂದ ಹೋದ ಕೂಲಿಯಾಳುಗಳಿಗೆ ಮಾತ್ರ. ಆರೋಗ್ಯದ ಚಿಂತೆಯಿಂದ ಮಾಡಿದ್ದಾದರೆ ಧಣಿಗೂ ಅನ್ವಯಿಸಬೇಕಿತ್ತು, ಅಲ್ವಾ? ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಮುಂದಿನ ಪುಟ ತಿರುಗಿಸಲು ಆಗಲಿಲ್ಲ. 1920ರ ದಶಕದಲ್ಲಿ ಇದೇ ದಕ್ಷಿಣ ಆಫ್ರಿಕಾ ಗಾಂಜಾವನ್ನು ಅಂತಾರಾಷ್ಟ್ರೀಯ ನಿಷೇಧದ ಪಟ್ಟಿಗೆ ಸೇರಿಸಿ ಅಂತ ವಿಶ್ವಸಂಸ್ಥೆಗಿಂತ ಮುಂಚೆ ಇದ್ದ ಲೀಗ್ ಆಫ್ ನೇಷನ್ಸ್‌ಗೆ ಒತ್ತಾಯ ಮಾಡಿತು. 1925ರ ಜಿನೀವಾ ಒಪ್ಪಂದದಲ್ಲಿ ಅದು ಸೇರಿತು.

ಇನ್ನೊಂದು ತೀರ್ಪು ಇದರ ಪಕ್ಕದಲ್ಲಿಟ್ಟು ಓದಿ. ದಕ್ಷಿಣ ಆಫ್ರಿಕಾದ 1992ರ ಮಾದಕ ವಸ್ತು ಕಾಯ್ದೆ ಪ್ರಕಾರ 115 ಗ್ರಾಂಗಿಂತ ಜಾಸ್ತಿ ಗಾಂಜಾ ಸಿಕ್ಕರೆ ಅವನು ವ್ಯಾಪಾರಿ ಅಂತಲೇ ಊಹಿಸಬೇಕಿತ್ತು. ಅಲ್ಲ ಅಂತ ಸಾಬೀತು ಮಾಡುವ ಹೊರೆ ಆರೋಪಿಯದು. 1995ರಲ್ಲಿ ಭುಲ್ವಾನಾ ಪ್ರಕರಣದಲ್ಲಿ ಇದೇ ಸಂವಿಧಾನ ನ್ಯಾಯಾಲಯ ಆ ಊಹೆಯನ್ನು ರದ್ದು ಮಾಡಿತು. 116 ಗ್ರಾಂ ಇಟ್ಟುಕೊಂಡವನು ಮಾರುತ್ತಾನೆ, 115 ಇಟ್ಟುಕೊಂಡವನು ಮಾರುವುದಿಲ್ಲ ಎನ್ನಲು ಏನು ಆಧಾರ? 2018ರ ದಾರಿ ಅಲ್ಲೇ ಶುರುವಾಗಿತ್ತು ಅಂತ ನನಗೆ ಅನ್ನಿಸುತ್ತದೆ: ಕಾರಣ ಕೊಡಬೇಕಾದವರು ಯಾರು ಎಂಬುದೇ ಎರಡರಲ್ಲೂ ಪ್ರಶ್ನೆ.

ನಮ್ಮ ಕಾನೂನಿಗೆ ಬಂದರೆ

ನಮ್ಮಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅದರ 2ನೇ ಸೆಕ್ಷನ್ ಒಂದೇ ಗಿಡವನ್ನು ಕತ್ತರಿಸಿ ಬೇರೆ ಬೇರೆ ಮಾಡುತ್ತದೆ. ಹೂವು, ಕಾಯಿ ಬಿಟ್ಟ ತುದಿ ಗಾಂಜಾ. ಅಂಟು ತೆಗೆದರೆ ಚರಸ್. ತುದಿಯಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಹಾಗಾಗಿ ಎಲೆ ರುಬ್ಬಿ ಮಾಡುವ ಭಂಗಿ ಈ ಕಾಯ್ದೆಯ ಹೊರಗೆ ನಿಲ್ಲುತ್ತದೆ. ರಾಜ್ಯದ ಕಾನೂನುಗಳು ಬೇರೆ. 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಹೇಳಿತು. ಮಾದಕ ವಸ್ತುಗಳ ಬಗೆಗಿನ 1961ರ ಅಂತಾರಾಷ್ಟ್ರೀಯ ಒಪ್ಪಂದವೂ ಗಾಂಜಾ ಪದದ ವ್ಯಾಖ್ಯೆಯಿಂದ ಎಲೆ, ಬೀಜಗಳನ್ನು ಹೀಗೇ ಹೊರಗಿಟ್ಟಿದೆ.

ನಮ್ಮ ಗುಂಪಿನಲ್ಲಿ ಜಾಸ್ತಿ ಜನ ಎಡವುವುದು ‘ಸಣ್ಣ ಪ್ರಮಾಣ’ದಲ್ಲಿ. ಗಾಂಜಾಕ್ಕೆ ಸಣ್ಣ ಪ್ರಮಾಣ 1 ಕೆಜಿ, ವಾಣಿಜ್ಯ ಪ್ರಮಾಣ 20 ಕೆಜಿ. ಒಂದು ಕೆಜಿ ತನಕ ಪರವಾಗಿಲ್ಲ ಅಂತ ಇದರ ಅರ್ಥ ಅಲ್ಲವೇ ಅಲ್ಲ. ಒಂದು ಚಿಟಿಕೆ ಇದ್ದರೂ ಅಪರಾಧ. ಪ್ರಮಾಣ ನಿರ್ಧರಿಸುವುದು ಶಿಕ್ಷೆಯ ಅಳತೆಯನ್ನು ಮಾತ್ರ: ಸಣ್ಣ ಪ್ರಮಾಣಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇವಿಸಿದ್ದಕ್ಕೆ 27ನೇ ಸೆಕ್ಷನ್ ಬೇರೆಯೇ ಇದೆ, ಅದರಲ್ಲಿ ಆರು ತಿಂಗಳವರೆಗೆ. ಮನೆಯೊಳಗೋ ಬೀದಿಯಲ್ಲೋ ಎಂಬ ವ್ಯತ್ಯಾಸವನ್ನು ಕಾಯ್ದೆ ಮಾಡುವುದಿಲ್ಲ. ವಸ್ತು ಸಿಕ್ಕರೆ ಆರೋಪಿಯೇ ವಿವರಣೆ ಕೊಡಬೇಕು ಅಂತ 54ನೇ ಸೆಕ್ಷನ್ ಊಹಿಸುತ್ತದೆ. ಭುಲ್ವಾನಾ ನೆನಪಿಸಿಕೊಳ್ಳಿ.

ಹಾಗಾದರೆ ಖಾಸಗಿತನದ ವಾದ ಇಲ್ಲಿ ನಡೆಯುತ್ತದೆಯಾ? ವಾದಕ್ಕೆ ನೆಲ ಇದೆ. ಅದನ್ನು ಹದ ಮಾಡಿಕೊಟ್ಟವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಹಕ್ಕಿಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು. ಗಾಂಜಾ ವಿಷಯದಲ್ಲಿ ಮೊದಲ ಎರಡನ್ನು ಸರ್ಕಾರ ಸುಲಭವಾಗಿ ದಾಟುತ್ತದೆ. ಕಾಯ್ದೆ ಇದೆ. ಆರೋಗ್ಯಕ್ಕೆ ಕೆಡುಕಾದ ಅಮಲು ಪದಾರ್ಥ ನಿಷೇಧಿಸಲು ಯತ್ನಿಸಬೇಕು ಅಂತ ಸಂವಿಧಾನದ 47ನೇ ವಿಧಿಯೇ ಹೇಳುತ್ತದೆ. ಅಂಥ ಮಾತು ದಕ್ಷಿಣ ಆಫ್ರಿಕಾದ ಸಂವಿಧಾನದಲ್ಲಿ ಇಲ್ಲ, ಆದ್ದರಿಂದ ಅಲ್ಲಿನ ತೀರ್ಪನ್ನು ಹಾಗೇ ಎತ್ತಿ ಇಲ್ಲಿ ಇಡಲು ಬರುವುದಿಲ್ಲ. ಜಗಳ ಇರುವುದೆಲ್ಲ ಮೂರನೆಯದರಲ್ಲಿ. ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಸೇದಿದ ವಯಸ್ಕನಿಗೆ ಜೈಲು ಎನ್ನುವುದು ‘ತಕ್ಕಷ್ಟೇ’ ಆಗುತ್ತದೆಯಾ? ನನ್ನ ಉತ್ತರ, ಇಲ್ಲ. ಆರೋಗ್ಯ ಕಾಪಾಡುವುದೇ ಗುರಿಯಾದರೆ ಚಿಕಿತ್ಸೆ ಇದೆ. ಚಿಕಿತ್ಸೆಗೆ ತಾನಾಗಿ ಬಂದ ವ್ಯಸನಿಯನ್ನು ಶಿಕ್ಷೆಯಿಂದ ಬಿಡಲು ಇದೇ ಕಾಯ್ದೆಯ 64ಎ ಸೆಕ್ಷನ್ ದಾರಿ ಮಾಡಿದೆ. ಆದರೆ ಮಕ್ಕಳ ಕೈಗೆ ಸಿಗುವುದು, ಅಮಲಿನಲ್ಲಿ ಗಾಡಿ ಓಡಿಸುವುದು, ಇವಕ್ಕೆ ಈ ವಾದ ಒಂದಿಂಚೂ ರಕ್ಷಣೆ ಕೊಡುವುದಿಲ್ಲ. ಅಮೆರಿಕದ ಅಲಾಸ್ಕಾ ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲೇ ರವಿನ್ ಪ್ರಕರಣದಲ್ಲಿ ಮನೆಯೊಳಗಿನ ಬಳಕೆಯನ್ನು ಬಿಟ್ಟು, ಗಾಡಿ ಓಡಿಸುವುದನ್ನು ಬಿಡದೆ, ಇದೇ ಗೆರೆ ಎಳೆದಿತ್ತು.

ನನಗೆ ಇನ್ನೂ ಕಾಡುವುದು

ಖಾಸಗಿತನದ ಹಕ್ಕು ಅನುಭವಿಸಲು ಖಾಸಗಿ ಜಾಗ ಬೇಕು. ಕೇಪ್ ಟೌನಿನಲ್ಲಿ ಕಾಂಪೌಂಡ್ ಗೋಡೆ ಇರುವ ಮನೆಯವನು ಹಿತ್ತಲಲ್ಲಿ ಗಿಡ ಬೆಳೆಸಬಹುದು. ಅದೇ ಊರಿನ ಖಾಯೆಲಿತ್ಶಾದಲ್ಲಿ ತಗಡಿನ ಜೋಪಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಲ್ಲಿರುವವನಿಗೆ ಹಿತ್ತಲೆಲ್ಲಿ? ಕೊಳ್ಳುವುದಂತೂ ಅಪರಾಧವಾಗಿಯೇ ಉಳಿದಿದೆ. ಅಂದರೆ ಬೆಳೆಯಲು ಜಾಗ ಇದ್ದವನಿಗೆ ಹಕ್ಕು, ಇಲ್ಲದವನಿಗೆ ಪೊಲೀಸ್. ತೀರ್ಪು ಸರಿ ಅಂತ ನಂಬುವ ನನಗೂ ಈ ಕೊರತೆ ಮುಚ್ಚಿಡುವ ಮನಸ್ಸಿಲ್ಲ. ಉತ್ತರ ಬರೆಯುವಾಗ ಇದಕ್ಕೊಂದು ಪ್ಯಾರಾ ಖಂಡಿತ ಕೊಡಿ.

ಅಭ್ಯಾಸಕ್ಕೆ ಒಂದು ಸನ್ನಿವೇಶ. ಕೇಪ್ ಟೌನಿನ ಹಾಸ್ಟೆಲ್ ಕೋಣೆ. ಇಬ್ಬರು ವಿದ್ಯಾರ್ಥಿಗಳು, ಇಬ್ಬರಿಗೂ 20 ವರ್ಷ. ಒಬ್ಬನ ಕಿಟಕಿಯ ಹತ್ತಿರ ಕುಂಡದಲ್ಲಿ ಒಂದು ಗಿಡ. ಕೋಣೆಯ ಜೊತೆಗಾರನಿಗೆ ಅದು ಇಷ್ಟವಿಲ್ಲ, ಹೊಗೆಗೆ ಕೆಮ್ಮು ಬರುತ್ತದೆ. ಕಾಲ 2019, ತೀರ್ಪು ಬಂದಿದೆ, ಕಾಯ್ದೆ ಬಂದಿಲ್ಲ. ಬಾಗಿಲಲ್ಲಿ ನಿಂತ ಪೊಲೀಸ್ ಅಧಿಕಾರಿಯ ಬಳಿ ಗ್ರಾಂ ಲೆಕ್ಕ ಹೇಳುವ ಕಾನೂನಿಲ್ಲ. ಈ ಕೋಣೆ ‘ಖಾಸಗಿ’ಯಾ? ಯಾರಿಗೆ ಖಾಸಗಿ? ಎರಡು ಪುಟದಲ್ಲಿ ಬರೆಯಿರಿ. ಮೊದಲ ಪ್ಯಾರಾ ಗಿಡದ ಒಡೆಯನ ಪರವಾಗಿ ಬರೆದವರು ಎರಡನೆಯದನ್ನು ಆ ಜೊತೆಗಾರನ ಮಂಚದ ಮೇಲೆ ಕೂತು ಬರೆಯಿರಿ.